ಒಂದು ಷೀಲ್ಡು, ಎರಡು ಕಾಲು

ನಮ್ಮ ಶಾಲೆಯ ಆಫೀಸು ರೂಮಿನ ಬೀರುವಿನ ಮೇಲೆ ಒಂದು ಷೀಲ್ಡು ಇದೆ. ತಾಲ್ಲೂಕು ಕ್ರೀಡಾಕೂಟದಲ್ಲಿ ಹೆಣ್ಣುಮಕ್ಕಳ ವಿಭಾಗದ ಸಮಗ್ರ ಪ್ರಶಸ್ತಿ. ಪ್ರತಿವರ್ಷ ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ಅದನ್ನು ಕೆಳಗಿಳಿಸಿ ಧೂಳು ಒರೆಸುವವಳು ನಾನು. ಒರೆಸುವಾಗೆಲ್ಲ ಅದನ್ನು ಗೆದ್ದುಕೊಟ್ಟ ಹುಡುಗಿಯ ಕಾಲು ಕಣ್ಣ ಮುಂದೆ ಬರುತ್ತದೆ.

1997ರ ಮಾತು. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಪಾಠ ಮಾಡುವುದು ಸಮಾಜ ವಿಜ್ಞಾನ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದುದರಿಂದ ಆಟೋಟದ ಹೊಣೆಯೂ ನನ್ನ ತಲೆಗೇ ಬಂದಿತ್ತು. ಎಂಟನೆಯ ತರಗತಿಯಲ್ಲಿ ಒಬ್ಬಳಿದ್ದಳು. ಬರಿಗಾಲಲ್ಲಿ ಓಡಿದರೆ ಹಿಂದಿನವರಿಗೆ ಅವಳ ಜಡೆಯೇ ಕಾಣುತ್ತಿತ್ತು. ಪ್ರವೇಶ ಪತ್ರದಲ್ಲಿ ಅವಳ ಹೆಸರನ್ನು 200, 400, 800 ಮೀಟರಿಗೆ ಬರೆದೆ. ಅದರ ಮೇಲೆ ಎರಡು ರಿಲೇ. ಹೀಟ್ಸು, ಫೈನಲ್ಲು ಎಲ್ಲ ಸೇರಿ ಎರಡು ದಿನಕ್ಕೆ ಏಳು ಓಟ. ಕೊನೆಯ ರಿಲೇಗೆ ಮುಂಚೆ ಬಂದು, "ಮಿಸ್, ಮೊಣಕಾಲ ಕೆಳಗೆ ಎಲುಬು ನೋಯುತ್ತೆ" ಎಂದಳು. ನಾನು ಮುಲಾಮು ತಿಕ್ಕಿ, "ಇದೊಂದು ಓಡಿಬಿಡು ಪುಟ್ಟಿ, ಷೀಲ್ಡು ನಮ್ಮದೇ" ಎಂದೆ. ಓಡಿದಳು. ಷೀಲ್ಡೂ ಬಂತು. ಮೂರು ವಾರದ ಮೇಲೆ ಜಿಲ್ಲಾ ಮಟ್ಟದ 800 ಮೀಟರಿನಲ್ಲಿ ಎರಡನೆಯ ಸುತ್ತಿಗೆ ಟ್ರ್ಯಾಕಿನ ಮೇಲೇ ಕುಳಿತುಬಿಟ್ಟಳು. ಎಕ್ಸ್‌ರೇ ತೆಗೆದ ಡಾಕ್ಟರು ಕಣಕಾಲಿನ ಎಲುಬಿನಲ್ಲಿ ಬಿರುಕು ತೋರಿಸಿದರು. ಮುಂದೆ ಅವಳು ಮೈದಾನಕ್ಕೆ ಇಳಿಯಲಿಲ್ಲ.

ಚರಿತ್ರೆ ಪಾಠ ಮಾಡುವವಳಿಗೆ ಒಂದು ಚಟ ಇರುತ್ತದೆ: ತನ್ನ ತಪ್ಪಿಗೂ ಹಿಂದಿನ ಉದಾಹರಣೆ ಹುಡುಕುವುದು. ನಾನು ಹುಡುಕಿದ್ದು ಪಿ.ಟಿ. ಉಷಾ ಅವರ ಜೀವನದಲ್ಲಿ. 1984ರ ಆಗಸ್ಟಿನಲ್ಲಿ ನಾನು ಹೈಸ್ಕೂಲು ಹುಡುಗಿ. ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್‌ನಲ್ಲಿ ಉಷಾ 55.42 ಸೆಕೆಂಡ್ ಓಡಿ, ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚು ಕಳೆದುಕೊಂಡ ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಅಪ್ಪ ರೇಡಿಯೋ ಆರಿಸಿಬಿಟ್ಟಿದ್ದರು. ಎಂದೂ ನೋಡದ ಹುಡುಗಿಗಾಗಿ ನಾವು ಅಕ್ಕತಂಗಿಯರು ಅತ್ತಿದ್ದೆವು.

ಆ ಓಟದ ಹಿಂದಿನ ಎಂಟು ವರ್ಷದ ಕಥೆ ನನಗೆ ತಿಳಿದದ್ದು ಬಹಳ ತಡವಾಗಿ. ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯ ಶಿಕ್ಷಕರು ಉಷಾರನ್ನು ಅವರಿಗಿಂತ ಒಂದು ವರ್ಷ ದೊಡ್ಡವಳಾದ ಶಾಲಾ ಚಾಂಪಿಯನ್ ಜೊತೆ ಓಡಿಸಿದರು. ಉಷಾ ಗೆದ್ದರು. 1976ರಲ್ಲಿ ಕೇರಳ ಸರ್ಕಾರ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೀಡಾ ಶಾಲೆ ತೆರೆದಾಗ ಹನ್ನೆರಡರ ಉಷಾ ಅಲ್ಲಿ ಸೇರಿದರು. 1978ರಲ್ಲಿ ಕೊಲ್ಲಂನ ಅಂತರರಾಜ್ಯ ಕಿರಿಯರ ಕೂಟದಲ್ಲಿ 100 ಮೀಟರ್, 200 ಮೀಟರ್, 60 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ ನಾಲ್ಕರಲ್ಲೂ ಚಿನ್ನ, ಉದ್ದ ಜಿಗಿತದಲ್ಲಿ ಬೆಳ್ಳಿ, ರಿಲೇಯಲ್ಲಿ ಕಂಚು. ಈ ಪಟ್ಟಿ ಓದಿದಾಗ ನಾನು ತುಂಬಿದ್ದ ಪ್ರವೇಶ ಪತ್ರವೇ ನೆನಪಾಯಿತು.

ಹಾಗಾದರೆ ಆ ಕಾಲು ಹೇಗೆ ಉಳಿಯಿತು? ದೇವರು ಕೊಟ್ಟ ಮೈಕಟ್ಟು ಎನ್ನಬಹುದು. ನನಗೆ ಕಂಡ ಕಾರಣ ಇನ್ನೊಂದು. ತರಬೇತುದಾರ ಓ.ಎಂ. ನಂಬಿಯಾರ್ ಅವರು 1976ರಲ್ಲಿ ಆ ಹುಡುಗಿಯನ್ನು ಗುರುತಿಸಿದವರು ಮುಂದೆ ವರ್ಷಗಟ್ಟಲೆ ಜೊತೆಯಲ್ಲೇ ಇದ್ದರು. ಆರು ಸ್ಪರ್ಧೆಯ ಬಾಲಕಿ ಹದಿನಾರಕ್ಕೆ ಮಾಸ್ಕೋ ಒಲಿಂಪಿಕ್ಸ್ ಕಂಡಿದ್ದು, 1982ರ ದೆಹಲಿ ಏಷ್ಯಾಡಿನಲ್ಲಿ 100 ಮತ್ತು 200 ಮೀಟರಿನಲ್ಲಿ ಬೆಳ್ಳಿ ಗೆದ್ದದ್ದು, ಇಪ್ಪತ್ತಕ್ಕೆ 400 ಮೀಟರ್ ಹರ್ಡಲ್ಸ್‌ಗೆ ಬಂದು ನಿಂತದ್ದು, ಎಲ್ಲವೂ ಒಬ್ಬರ ಕಣ್ಣಳತೆಯಲ್ಲಿ ನಡೆಯಿತು. ನಮ್ಮ ಶಾಲೆಯ ವರ್ಷ ಜೂನಿಗೆ ಹುಟ್ಟಿ ಮಾರ್ಚಿಗೆ ಮುಗಿಯುತ್ತದೆ. ಹತ್ತನೆಯ ತರಗತಿ ದಾಟಿದ ಹುಡುಗಿ ಯಾವ ಊರಲ್ಲಿ, ಯಾರ ಕೈಯಲ್ಲಿ ಓಡುತ್ತಾಳೆಂದು ನಾವು ಕೇಳುವುದಿಲ್ಲ.

ಶಾಲೆಯನ್ನಷ್ಟೇ ದೂರಿ ಫಲವಿಲ್ಲ. ದೇಶ ಎಂಬ ದೊಡ್ಡ ಶಾಲೆಯೂ ನನ್ನ ಹಾಗೆಯೇ ಮಾಡಿತು. 1986ರ ಸಿಯೋಲ್ ಏಷ್ಯಾಡಿನಲ್ಲಿ ಉಷಾ 200, 400, 400 ಹರ್ಡಲ್ಸ್‌ಗಳಲ್ಲಿ ಚಿನ್ನ, 100ರಲ್ಲಿ ಬೆಳ್ಳಿ ಗೆದ್ದರು. ನಮ್ಮ ಕರ್ನಾಟಕದ ವಂದನಾ ರಾವ್ ಕೂಡ ಇದ್ದ 4x400 ರಿಲೇ ತಂಡದಲ್ಲೂ ಓಡಿ ಚಿನ್ನ ತಂದರು. ಭಾರತಕ್ಕೆ ಅಲ್ಲಿ ಬಂದ ಚಿನ್ನ ಒಟ್ಟು ಐದು. ಅದರಲ್ಲಿ ನಾಲ್ಕಕ್ಕೆ ಆ ಎರಡು ಕಾಲುಗಳೇ ದುಡಿದಿದ್ದವು. ಎರಡೇ ವರ್ಷಕ್ಕೆ, ಅದೇ ಊರಿನ ಒಲಿಂಪಿಕ್ಸಿಗೆ ಹಿಮ್ಮಡಿಯ ನೋವು ಹೊತ್ತು ಹೋಗಿ ಹೀಟ್ಸ್‌ನಲ್ಲೇ ಸೋತಾಗ ಅನೇಕರು ಬೈದರು. ಇದಕ್ಕೆ ಅದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಬೈದವರಲ್ಲಿ ಎಷ್ಟು ಜನ ಮುಲಾಮು ಹಿಡಿದು ನಿಂತಿದ್ದರು?

ಹದಿಹರೆಯಕ್ಕೆ ಕಾಲಿಡುವಾಗ ಹೆಣ್ಣುಮಕ್ಕಳ ಎಲುಬು ದಿಢೀರನೆ ಉದ್ದವಾಗುತ್ತದೆ, ಅದು ಗಟ್ಟಿಯಾಗಲು ಇನ್ನಷ್ಟು ಕಾಲ ಬೇಕು. ಅದೇ ವಯಸ್ಸಿನಲ್ಲೇ ನಮಗೆ ಷೀಲ್ಡೂ ಬೇಕು. ಷೀಲ್ಡಿನ ಮಾನ ಸುಳ್ಳೂ ಅಲ್ಲ. ಅದು ಬಂದ ಮೇಲೆಯೇ ಹೆಣ್ಣುಮಕ್ಕಳನ್ನು ಸಂಜೆ ಆಟಕ್ಕೆ ಬಿಡಲು ನಾಲ್ಕಾರು ಮನೆಯವರು ಒಪ್ಪಿದರು, ಆಡಳಿತ ಮಂಡಳಿ ಮೈದಾನದ ಕಲ್ಲು ತೆಗೆಸಿತು. ಶಾಲೆಯ ಓಟವಿಲ್ಲದಿದ್ದರೆ ಉಷಾ ಎಂಬ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ. ಬಾಗಿಲು ತೆರೆಯುವುದು ಶಾಲೆಯೇ. ಒಳಗೆ ಬಂದವಳನ್ನು ಒಂದೇ ವರ್ಷಕ್ಕೆ ಖರ್ಚು ಮಾಡಿಬಿಡುವುದು ತಪ್ಪು.

ಉಷಾ 2002ರಲ್ಲಿ ಕೊಯಿಲಾಂಡಿಯಲ್ಲಿ ತಮ್ಮದೇ ಓಟದ ಶಾಲೆ ತೆರೆದು, ತಮಗೆ ಸಿಕ್ಕ ಕಣ್ಣಳತೆಯನ್ನು ಬೇರೆ ಮಕ್ಕಳಿಗೂ ಕೊಟ್ಟರು. ಅಲ್ಲಿ ಬಾಲಕಿಯಾಗಿ ಸೇರಿದ ಟಿಂಟು ಲೂಕಾ 2010ರಲ್ಲಿ 800 ಮೀಟರನ್ನು 1 ನಿಮಿಷ 59.17 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದರು.

ನಾನು ಮಾಡಿದ್ದು ಬಲು ಸಣ್ಣದು. ಓಡುವ ಮಕ್ಕಳಿಗೆಲ್ಲ ಒಂದೊಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಎಷ್ಟು ಓಡಿದಳು, ಎಲ್ಲಿ ನೋವು, ಎಷ್ಟು ಎತ್ತರ ಬೆಳೆದಳು, ಎಲ್ಲ ಅದರಲ್ಲಿ. ಶಾಲೆ ಬಿಡುವಾಗ ಟಿ.ಸಿ. ಜೊತೆ ಅದನ್ನೂ ಕೈಗೆ ಕೊಡುತ್ತೇನೆ. ಷೀಲ್ಡು ಮತ್ತೆ ನಮಗೆ ಬಂದಿಲ್ಲ.

ಕಳೆದ ವರ್ಷ ಆ ಹುಡುಗಿ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ಮಗಳೂ ಓಡುತ್ತಾಳಂತೆ. ಬೀರುವಿನ ಮೇಲೆ ಒಮ್ಮೆ ಕಣ್ಣು ಹಾಯಿಸಿ, "ಎಷ್ಟು ಓಟಕ್ಕೆ ಹೆಸರು ಬರೀತೀರಿ ಮಿಸ್?" ಎಂದಳು.

"ಎರಡು" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಈ ವರ್ಷ ಒಂದೇ ಇರಲಿ."