ಫೀಸು ಕಟ್ಟಿದ ಮೇಲೆ

ಶಕ್ತಿನಗರದಲ್ಲಿ ನಮ್ಮವರ ಮಗಳೊಬ್ಬಳು ಕೊಣಾಜೆಗೆ ಎಂ.ಎ. ಓದಲು ಹೊರಟರೆ ನೆರೆಯವರ ಮಾತು ಒಂದೇ: 'ನಿಮಗೆಂಥ ಚಿಂತೆ, ಸರಕಾರವೇ ಕೊಡ್ತದಲ್ಲ!' ಏನು ಕೊಡ್ತದೆ, ಏನು ಕೊಡುವುದಿಲ್ಲ ಅಂತ ಯಾರೂ ಕೇಳುವುದಿಲ್ಲ.

1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರಿಗೆ ಇದು ಗೊತ್ತಿತ್ತು. ಬರೀ ಶಾಲೆ ತೆರೆದು ಸುಮ್ಮನಾಗಲಿಲ್ಲ. ಹಾಸ್ಟೆಲ್ಲು, ಕೈಕಸುಬು, ಮನೆಗೆ ಜಾಗ ಎಲ್ಲಕ್ಕೂ ಓಡಾಡಿದರು.

ಬಾಬಾಸಾಹೇಬರು ಅದನ್ನು ಮೈಯಲ್ಲೇ ಕಂಡವರು. 1913ರಲ್ಲಿ ಬಡೋದೆ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾಕ್ಕೆ ಹೋದರು. ಅವಧಿ ಮುಗಿಯಿತೆಂದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಕರಾರಿನಂತೆ ಬಡೋದೆಗೆ ಕೆಲಸಕ್ಕೆ ಹೋದರೆ ಇರಲು ಮನೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ನ್ಯೂಯಾರ್ಕಿನಲ್ಲಿ ಓದಿಸಿದ ದುಡ್ಡು ಬಡೋದೆಯಲ್ಲಿ ಚಾಪೆಯಗಲ ಜಾಗ ಕೊಡಿಸಲಿಲ್ಲ.

1942ರಲ್ಲಿ ಅವರು ವೈಸರಾಯರಿಗೆ ಮನವಿ ಕೊಟ್ಟರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಭಿಕ್ಷೆಯಲ್ಲ, ಕೇಳಿ ಪಡೆದದ್ದು. ಅದೇ ಯೋಜನೆಗೆ ಕೇಂದ್ರ ಮಾಡಿದ 2021ರ ನಿಯಮ ಓದಿ ನೋಡಿ. ವಾಪಸು ಬಾರದ ಕಡ್ಡಾಯ ಶುಲ್ಕ ಸೇರುತ್ತದೆ. ವಾಪಸು ಬರುವ ಡಿಪಾಸಿಟ್ಟು ಸೇರುವುದಿಲ್ಲ. ಅದನ್ನು ಅಪ್ಪ ಸಾಲ ಮಾಡಿಯೇ ಕಟ್ಟಬೇಕು. ಮನೆಯಿಂದ ಹೋಗಿಬಂದು ಎಂ.ಎ. ಓದುವವರ ಖರ್ಚಿಗೆ ವರ್ಷಕ್ಕೆ 3,000 ರೂಪಾಯಿ. ತಿಂಗಳಿಗೆ 250. ನೇತ್ರಾವತಿ ದಾಟಿ ಹೋಗುವ ಬಸ್ಸು, ಜೆರಾಕ್ಸು, ಮಧ್ಯಾಹ್ನದ ಊಟ, ಎಲ್ಲವೂ ಅದರಲ್ಲೇ ಆಗಬೇಕು!

ಅರ್ಜಿ ತುಂಬಿಸಲು ಬರುವ ಮಕ್ಕಳಿಂದ ನಾವೀಗ ಇನ್ನೊಂದು ಹಾಳೆಯನ್ನೂ ಬರೆಸುತ್ತೇವೆ. ಬಸ್ಸಿನ ದುಡ್ಡೆಷ್ಟು, ಸಾಲವೆಷ್ಟು, ಅಮ್ಮನ ಜೊತೆ ಕೂತು ಕಟ್ಟುತ್ತಿದ್ದ ಬೀಡಿಯ ಕೂಲಿ ಎಷ್ಟು ಹೋಯಿತು, ಎಲ್ಲ ಅದರಲ್ಲುಂಟು.