ಕಂಸಾಳೆಯ ಕಿವಿಗೆ ಒಗ್ಗುವ ಕಂಪ್ಯೂಟರ್ ಸ್ಪೀಕರ್

ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಳ್ಳುವಾಗ ಸ್ಪೀಕರಿನ ಸರದಿ ಬರುವುದು ಕೊನೆಗೆ. ಸಿಪಿಯು, ಮಾನಿಟರ್, ಯುಪಿಎಸ್‌ಗೆ ದುಡ್ಡು ಸುರಿದ ಮೇಲೆ ಕೈಯಲ್ಲಿ ಉಳಿದಷ್ಟಕ್ಕೆ ಅಂಗಡಿಯವರು ಯಾವ ಪೆಟ್ಟಿಗೆ ತೋರಿಸುತ್ತಾರೋ ಅದು ಮನೆಗೆ ಬರುತ್ತದೆ. ಮುಂದೆ ವರ್ಷಗಟ್ಟಲೆ ಮಕ್ಕಳ ಪಾಠ, ಸಿನಿಮಾ, ಸುದ್ದಿ, ಮಾದಪ್ಪನ ಹಾಡು ಎಲ್ಲವೂ ಅದರ ಬಾಯಿಂದಲೇ ಕೇಳಬೇಕು. ಕಂಪ್ಯೂಟರ್ ಹಳತಾಗಿ ಬದಲಾದರೂ ಸ್ಪೀಕರ್ ಉಳಿದುಕೊಳ್ಳುವುದೇ ಹೆಚ್ಚು. ಹಾಗಾಗಿ ಆರಿಸುವ ಮುನ್ನ ಒಂದು ಮಾತು ಗಟ್ಟಿ ಮಾಡಿಕೊಳ್ಳಬೇಕು. ಸಾವಿರ, ಎರಡು ಸಾವಿರ ರೂಪಾಯಿಯೊಳಗೆ ಮನುಷ್ಯರ ದನಿಯನ್ನು ಸ್ವಚ್ಛವಾಗಿ ಕೊಡುವ ಸ್ಪೀಕರ್ ಸಿಗುತ್ತದೆ. ಎದೆ ನಡುಗಿಸುವ ಬೇಸ್ ಸಿಗುವುದಿಲ್ಲ. ಅಷ್ಟೇ ಹಣದಲ್ಲಿ ಎರಡನ್ನೂ ಕೇಳಿದರೆ ದನಿಯೂ ಕೆಡುತ್ತದೆ.

ಈ ಸೀಮೆ ಕೇಳಿ ಬೆಳೆದದ್ದು

ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಅದರ ನಾದದ ಬದುಕು ಮಾತ್ರ ಬಹಳ ಹಳೆಯದು. ಮಲೆ ಮಹದೇಶ್ವರನ ದೇವರಗುಡ್ಡರು ಕಂಸಾಳೆ ಎಂಬ ಕಂಚಿನ ತಾಳ ಹಿಡಿದು ರಾತ್ರಿಯಿಡೀ ಕಥೆ ಹಾಡುತ್ತಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳ ಜೊತೆ ಹಾಡುತ್ತಾರೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಇದನ್ನು ಕೇಳಿದವರಿಗೆ ಗೊತ್ತು, ಅಲ್ಲಿ ಮುಖ್ಯವಾದದ್ದು ಕಥೆಯ ಮಾತು. ವಾದ್ಯಗಳು ಮಾತನ್ನು ಹೊತ್ತು ನಡೆಯುತ್ತವೆ. ಪದ ಕೇಳದಿದ್ದರೆ ಕಥೆಯೇ ಇಲ್ಲ.

ರೇಡಿಯೊ ಕಾಲದಲ್ಲೂ ಹಾಗೆಯೇ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಶುರು ಮಾಡಿದ ಆಕಾಶವಾಣಿ ಮುಂದೆ ಈ ಭಾಗದ ಹಳ್ಳಿಹಳ್ಳಿಗೂ ಕೇಳಿಸಿತು. ಹಳೆಯ ರೇಡಿಯೊಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಒಂದೇ ಒಂದು ಕಾಗದದ ಕೋನಿನ ಸ್ಪೀಕರ್. ಆಳವಾದ ಬೇಸೂ ಇಲ್ಲ, ಮಿನುಗುವ ಮೇಲ್ದನಿಯೂ ಇಲ್ಲ. ಆದರೂ ವಾರ್ತೆ ಓದುವವರ ಒಂದಕ್ಷರವೂ ತಪ್ಪದೆ ಜಗಲಿಯ ತನಕ ಕೇಳುತ್ತಿತ್ತು. ಇಂದಿನ ಅಗ್ಗದ ಸ್ಪೀಕರುಗಳನ್ನು ಅಳೆಯಲು ನನ್ನ ಮಟ್ಟಿಗೆ ಅದೇ ಸರಿಯಾದ ಮಾನದಂಡ.

ದನಿ ಇರುವ ಜಾಗ

ಸದ್ದಿನ ಶ್ರುತಿಯನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂದು. ಎಳೆಯ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಮಾತನಾಡುವಾಗ ಗಂಡಸರ ದನಿಯ ಮೂಲ ಶ್ರುತಿ ಸುಮಾರು 85ರಿಂದ 180 ಹರ್ಟ್ಸ್, ಹೆಂಗಸರದು 165ರಿಂದ 255. ಆದರೆ ಮಾತು ಅರ್ಥವಾಗುವುದು ಮೂಲ ಶ್ರುತಿಯಿಂದಲ್ಲ. ಸ, ಶ, ತ, ಚದಂಥ ವ್ಯಂಜನಗಳ ಗುರುತು ಇರುವುದು ಸುಮಾರು 2,000ದಿಂದ 8,000 ಹರ್ಟ್ಸ್‌ನಲ್ಲಿ. ಈ ಪಟ್ಟಿ ಮಸುಕಾದರೆ ಸದ್ದು ಎಷ್ಟೇ ಜೋರಾಗಿದ್ದರೂ ಮೇಷ್ಟರು ‘ಶಾಲೆ’ ಅಂದರೋ ‘ಸಾಲೆ’ ಅಂದರೋ ತಿಳಿಯುವುದಿಲ್ಲ.

ಬೇಸ್ ಬೇರೆಯೇ ಕಷ್ಟ. ಒಂದೇ ಕೋನು ಅಷ್ಟೇ ಜೋರಾಗಿ ಅರ್ಧ ಶ್ರುತಿಯ ಸದ್ದು ಹೊರಡಿಸಬೇಕಾದರೆ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಆಡಬೇಕು. ಎರಡು ಇಂಚಿನ ಕೋನಿಗೆ ಅಷ್ಟು ಆಟವಿಲ್ಲ. ಆದ್ದರಿಂದ ಅಂಗೈಯಗಲದ ಪೆಟ್ಟಿಗೆಯ ಮೇಲೆ ‘ಡೀಪ್ ಬೇಸ್’ ಎಂದು ಬರೆದಿದ್ದರೆ ಅದನ್ನು ನಂಬಬೇಕಿಲ್ಲ. ಒಳಗಿನ ಸರ್ಕ್ಯೂಟು 100ರಿಂದ 200 ಹರ್ಟ್ಸ್ ನಡುವಿನ ಭಾಗವನ್ನು ಉಬ್ಬಿಸಿ ಬೇಸಿನಂತೆ ತೋರಿಸುತ್ತಿರುತ್ತದೆ. ಆ ಉಬ್ಬು ನೇರವಾಗಿ ಗಂಡುದನಿಯ ಮೇಲೆಯೇ ಕೂರುತ್ತದೆ. ಡಬ್ಬದೊಳಗಿಂದ ಮಾತಾಡಿದಂತೆ ಕೇಳುವುದು ಅದಕ್ಕೇ.

ವಾಟಿನ ಲೆಕ್ಕ

ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಸಾವಿರಾರು ವಾಟ್ ಅಚ್ಚು ಮಾಡಿದ ಮಾಲು ಈಗಲೂ ಕಾಣುತ್ತದೆ. ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ, ಅದನ್ನು ಓದಲೇಬೇಡಿ. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ.

ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ಸ್ಪೀಕರಿನ ಮಿತಿಯನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಯುಎಸ್‌ಬಿ 2.0 ಪೋರ್ಟು ಕೊಡುವುದು 5 ವೋಲ್ಟ್, 500 ಮಿಲಿಆಂಪಿಯರ್. ಗುಣಿಸಿದರೆ 2.5 ವಾಟ್. 3.0 ಪೋರ್ಟಿನಲ್ಲಿ 900 ಮಿಲಿಆಂಪಿಯರ್, 4.5 ವಾಟ್. ಇದನ್ನು ಮೀರಿ ಬಿಡದೆ ಕೊಡಲು ಅದಕ್ಕೆ ಶಕ್ತಿ ಬರುವ ದಾರಿಯೇ ಇಲ್ಲ. ಪ್ರಾಮಾಣಿಕವಾಗಿ ಬರೆಯುವ ಕಂಪನಿಗಳ ಅಂಕಿ ಈ ಲೆಕ್ಕಕ್ಕೆ ಕೂಡುತ್ತದೆ. ಲಾಜಿಟೆಕ್ ಝಡ್120ರದು 1.2 ವಾಟ್, ಕ್ರಿಯೇಟಿವ್ ಪೆಬಲ್‌ನದು 4.4 ವಾಟ್.

ಅಷ್ಟು ಸಾಲುತ್ತದೆಯೇ? ಮೇಜಿನ ಮುಂದೆ ಕೂತವರಿಗೆ ಧಾರಾಳವಾಗಿ ಸಾಲುತ್ತದೆ. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 80 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರ್, ಅರ್ಧ ಮೀಟರಿಗೆ ಬಂದರೆ 86 ಡೆಸಿಬೆಲ್ ಆಗುತ್ತದೆ. ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದಮೇಲೆ ಒಂದು ವಾಟೇ ಈ ಮಿತಿಯನ್ನು ದಾಟಿಸಬಲ್ಲದು. ವಾಟು ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. 20 ವಾಟಿನದನ್ನು ಬಿಟ್ಟು 30 ವಾಟಿನದಕ್ಕೆ ಹೆಚ್ಚು ಹಣ ಕೊಟ್ಟರೆ ಆ ಹಣ ಕಿವಿಗೆ ಮುಟ್ಟುವುದಿಲ್ಲ.

ಎರಡು ಪೆಟ್ಟಿಗೆಯೋ, ಮೂರೋ

ಎಡ ಬಲ ಎರಡೇ ಪೆಟ್ಟಿಗೆ ಇದ್ದರೆ ಅದನ್ನು 2.0 ಅನ್ನುತ್ತಾರೆ. ಜೊತೆಗೆ ಮೇಜಿನ ಕೆಳಗಿಡುವ ಸಬ್‌ವೂಫರ್ ಇದ್ದರೆ 2.1. ಅಂಗಡಿಯಲ್ಲಿ 2.1 ದೊಡ್ಡದಾಗಿ ಕಾಣುತ್ತದೆ, ಒಂದು ಕುಣಿತದ ಹಾಡು ಹಾಕಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ವ್ಯಾಪಾರವೂ ಕುದುರುತ್ತದೆ. ಆದರೂ ಮೂರು ಸಾವಿರದೊಳಗೆ ಕೊಳ್ಳುವವರಿಗೆ ನಾನು ಹೇಳುವುದು 2.0 ಎಂದೇ.

ಕಾರಣ ದನಿ ಹಂಚಿಹೋಗುವ ರೀತಿಯಲ್ಲಿದೆ. ಅಗ್ಗದ 2.1ರಲ್ಲಿ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಗಳು ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಕೈಚೆಲ್ಲುತ್ತವೆ. ಆ ಕೊರತೆ ತುಂಬಲು ಸಬ್‌ವೂಫರ್ ಅಷ್ಟು ಮೇಲಿನವರೆಗೂ ಹಾಡಬೇಕಾಗುತ್ತದೆ. ಗಂಡುದನಿಯ ಮೂಲ ಶ್ರುತಿ ಇರುವುದು ಅಲ್ಲಿಯೇ. ಆಗ ದನಿಯ ಬುಡ ಮೇಜಿನ ಕೆಳಗಿಂದ, ತುದಿ ಮೇಜಿನ ಮೇಲಿಂದ ಬರುತ್ತದೆ. ರಾಜ್‌ಕುಮಾರ್ ಹಾಡು ಹಾಕಿ ನೋಡಿ. ಇದೇ ಗಡಿಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಮುತ್ತುರಾಜರಾಗಿ ಹುಟ್ಟಿದ ಅವರು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಹಾಡಿದ ಮೇಲೆ ತಮ್ಮ ಪಾತ್ರಗಳಿಗೆ ತಾವೇ ಹಾಡುತ್ತ ಬಂದರು. ಆ ತುಂಬು ಕಂಠ ಎರಡು ತುಂಡಾಗಿ ಕೇಳುವ ಪೆಟ್ಟಿಗೆಗೆ ದುಡ್ಡು ಕೊಡಬಾರದು. 5.1ರ ವಿಷಯ ಇಲ್ಲಿ ಬೇಡ. ಅದು ಮೇಜಿಗೆ ತಕ್ಕದ್ದಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರ್. ಅಲ್ಲಿ ಆಯ್ಕೆ ಹೆಚ್ಚು, ಆನ್‌ಲೈನಿನಲ್ಲಿ ಇನ್ನೂ ಹೆಚ್ಚು. ಆದರೂ ಊರಿನ ಅಂಗಡಿಯಲ್ಲಿ ಕೂತು ಕೇಳಿ ಕೊಳ್ಳುವ ಅವಕಾಶವಿದ್ದರೆ ಬಿಡಬೇಡಿ. ಸ್ಪೀಕರನ್ನು ಕಣ್ಣಿಂದ ಕೊಳ್ಳಲಾಗದು.

ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಮೂರು ನಾಲ್ಕು ಮುದ್ರಣಗಳನ್ನು ಪೆನ್‌ಡ್ರೈವಿನಲ್ಲೋ ಫೋನಿನಲ್ಲೋ ಒಯ್ಯಿರಿ. ಮೊದಲನೆಯದು ಬರೀ ಮಾತು, ಒಬ್ಬರ ಭಾಷಣವೋ ಪಾಠವೋ. ಇದನ್ನು ಮೆಲ್ಲಗೆ ಹಾಕಿ. ಜೋರಾಗಿ ಹಾಕಿದರೆ ಸಾಧಾರಣ ಸ್ಪೀಕರೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಕಡಿಮೆ ಸದ್ದಿನಲ್ಲಿ ಪದಗಳು ಬಿಡಿಬಿಡಿಯಾಗಿ ಕೇಳಿದರೆ ಅದು ಗೆದ್ದಂತೆ.

ಎರಡನೆಯದು ಕಂಸಾಳೆ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬಡಿದಾಗ ಮೊದಲು ಚುರುಕಾದ ಪೆಟ್ಟು, ಹಿಂದೆಯೇ ಇಂಪಾದ ಗುಂಯ್‌ಕಾರ. ಒಳ್ಳೆಯ ಸ್ಪೀಕರಿನಲ್ಲಿ ಪೆಟ್ಟು ಮತ್ತು ಗುಂಯ್‌ಕಾರ ಬೇರೆ ಬೇರೆಯಾಗಿ ಕೇಳುತ್ತವೆ. ಕೆಟ್ಟದ್ದರಲ್ಲಿ ಎರಡೂ ಕಲಸಿ ಬರೀ ‘ಛಿಸ್’ ಅನ್ನುತ್ತದೆ, ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತದೆ. ಮೇಲ್ದನಿ ಪರೀಕ್ಷಿಸಲು ಇದಕ್ಕಿಂತ ಕಟ್ಟುನಿಟ್ಟಾದ ವಾದ್ಯ ನಮ್ಮಲ್ಲಿಲ್ಲ. ಮೂರನೆಯದು ತಂಬೂರಿಯ ಮೇಲೆ ಹಾಡಿದ ನೀಲಗಾರರ ಕಥೆ. ಹಾಡುಗಾರ ಏರುದನಿಗೆ ಹೋದಾಗಲೂ ಹಿಂದಿನ ತಂತಿಯ ನಾದ ಕಾಣೆಯಾಗಬಾರದು.

ನಾಲ್ಕನೆಯದಾಗಿ ಅರವತ್ತರ ದಶಕದ ಒಂದು ಚಿತ್ರಗೀತೆ. ಆ ಕಾಲದ ಚಿತ್ರಗೀತೆಗಳು ಸಾಮಾನ್ಯವಾಗಿ ಮೊನೊ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು. ಎರಡು ಪೆಟ್ಟಿಗೆಯ ನಟ್ಟನಡುವೆ ಕೂತರೆ ಹಾಡುವವರು ಎದುರಿಗೇ ನಿಂತಂತಿರಬೇಕು. ದನಿ ಒಂದು ಪಕ್ಕಕ್ಕೆ ಜಗ್ಗಿದರೆ ಎರಡು ಕಡೆಯ ಸದ್ದು ಸಮವಿಲ್ಲ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತೆ ಚೆದುರಿದರೆ ಒಂದರ ತಂತಿ ತಿರುಗುಮುರುಗಾಗಿದೆ.

ಆಮೇಲೆ ಹಾಡು ನಿಲ್ಲಿಸಿ, ಸದ್ದಿನ ತಿರುಗಣೆಯನ್ನು ಪೂರ್ತಿ ಏರಿಸಿ, ಕಿವಿ ಹತ್ತಿರ ಇಡಿ. ಸಣ್ಣ ‘ಹಿಸ್’ ಎಲ್ಲದರಲ್ಲೂ ಇರುತ್ತದೆ; ‘ಗುಂ’ ಅನ್ನುವ ಕರೆಂಟಿನ ಸದ್ದು ಕೇಳಿದರೆ ಬೇರೆ ಸಾಕೆಟ್ಟಿಗೆ ಹಾಕಿ ನೋಡಿ, ಆಗಲೂ ಹೋಗದಿದ್ದರೆ ಬೇಡವೆನ್ನಿ. ತಿರುಗಣೆಯನ್ನು ಮೆಲ್ಲಗೆ ತಿರುಗಿಸುವಾಗ ಕರಕರ ಅಂದರೂ ಅಷ್ಟೇ. ಹೊಸದರಲ್ಲೇ ಕರಕರ ಅನ್ನುವುದು ಧೂಳು ಕೂತ ಮೇಲೆ ಸುಮ್ಮನಾಗದು.

ಬೆಲೆಯ ಮೆಟ್ಟಿಲು

ಸುಮಾರು ಐನೂರು ರೂಪಾಯಿ ಆಸುಪಾಸಿನಲ್ಲಿ ಯುಎಸ್‌ಬಿ ಜೋಡಿಗಳು ಸಿಗುತ್ತವೆ. ಪಾಠ ಕೇಳಲು, ಸುದ್ದಿಗೆ ಸಾಕು. ಸಾವಿರದಿಂದ ಎರಡೂವರೆ ಸಾವಿರದವರೆಗಿನದೇ ಹೆಚ್ಚಿನ ಮನೆಗಳಿಗೆ ತಕ್ಕ ಮೆಟ್ಟಿಲು. ಚೆನ್ನೈ ಮೂಲದ ಝೆಬ್ರಾನಿಕ್ಸ್‌ನಂಥ ಕಂಪನಿಗಳ ಮಾಲು ಸಣ್ಣ ಊರುಗಳಲ್ಲೂ ಸಿಗುತ್ತದೆ, ಅದರಲ್ಲೇ ಮಾದರಿಯಿಂದ ಮಾದರಿಗೆ ಗುಣ ಬದಲಾಗುತ್ತದೆ. ಹೆಸರು ನೋಡಿ ಕೊಳ್ಳದೆ ಕೇಳಿ ಕೊಳ್ಳಬೇಕು. ಪೆಬಲ್‌ನಂಥವುಗಳ ಕೋನನ್ನು 45 ಡಿಗ್ರಿ ಮೇಲ್ಮುಖವಾಗಿ ಕೂರಿಸಿರುತ್ತಾರೆ. ಸದ್ದು ಹೊಟ್ಟೆಗೆ ಬಡಿಯದೆ ಕಿವಿಗೆ ಬರುವುದರಿಂದ ಚಿಕ್ಕ ಗಾತ್ರದಲ್ಲೂ ಮಾತು ಸ್ಪಷ್ಟ.

ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ, ಜನಪದ ಗಾಯನ ಮುದ್ರಿಸಿ ಯೂಟ್ಯೂಬಿಗೆ ಹಾಕುವವರಿಗೆ ಇದು ಸಾಲದು. ಅವರು ಸ್ವಲ್ಪ ಕೂಡಿಟ್ಟು ನಾಲ್ಕು ಇಂಚಿನ ಕೋನು, ಮೇಲ್ದನಿಗೆಂದೇ ಬೇರೆ ಟ್ವೀಟರ್ ಇರುವ ಜೋಡಿ ಕೊಳ್ಳುವುದು ಒಳ್ಳೆಯದು. ಎಡಿಫೈಯರ್ ಆರ್1280ಟಿ ಅಂಥದ್ದು, 42 ವಾಟ್ ಆರ್‌ಎಂಎಸ್. ತಪ್ಪು ಕೇಳಿಸದ ಸ್ಪೀಕರಿನಲ್ಲಿ ಎಡಿಟ್ ಮಾಡಿದರೆ ತಪ್ಪು ಹಾಗೇ ಜನರಿಗೆ ತಲುಪುತ್ತದೆ. ಇನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಒಬ್ಬರು ಓದುತ್ತ ಇನ್ನೊಬ್ಬರು ಪಾಠ ಕೇಳುವುದರಿಂದ ಅಲ್ಲಿಗೆ ಹೆಡ್‌ಫೋನೇ ಸೂಕ್ತ.

ಬ್ಲೂಟೂತಿಗೆಂದು ಹೆಚ್ಚು ಹಣ ಬೇಡ. ಕೆಲವು ಸ್ಪೀಕರುಗಳಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು, ಎರಡು ಭಾಗದಷ್ಟು ತಡವಾಗಿ ಬಂದು ತುಟಿಯ ಚಲನೆಗೆ ಮಾತು ಕೂಡುವುದಿಲ್ಲ. ತಂತಿ ಇದ್ದರೆ ಆ ತೊಂದರೆಯೇ ಇಲ್ಲ.

ಮನೆ, ಮೇಜು, ಕರೆಂಟು

ಆರ್‌ಸಿಸಿ ಮನೆಯ ಖಾಲಿ ಕೋಣೆ, ಬರೀ ಗೋಡೆ, ಟೈಲ್ಸ್ ನೆಲ ಇದ್ದರೆ ಸದ್ದು ಮಾರ್ದನಿಯಾಗಿ ಪದಗಳನ್ನು ಕಲಸುತ್ತದೆ. ನೆಲಕ್ಕೊಂದು ಜಮಖಾನ, ಕಿಟಕಿಗೊಂದು ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಸಾವಿರ ರೂಪಾಯಿಯ ಸ್ಪೀಕರ್ ಎರಡು ಸಾವಿರದಂತೆ ಹಾಡುತ್ತದೆ. ಎರಡು ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ ಅವುಗಳಿಂದ ನಿಮ್ಮ ತಲೆಗೂ ಅಷ್ಟೇ ದೂರ ಇರಲಿ. ಕಿವಿಯ ಮಟ್ಟಕ್ಕೆ ಬರುವಂತೆ ಕೆಳಗೆ ದಪ್ಪ ಪುಸ್ತಕವಿಡಿ. ಮೂಲೆಗೆ ತಳ್ಳಿದರೆ ಬೇಸ್ ಉಬ್ಬಿ ಮಾತು ಮಸುಕಾಗುತ್ತದೆ.

ಗುಂಡ್ಲುಪೇಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 766ರ ಪಕ್ಕ ಮನೆಯಿದ್ದವರಿಗೆ ಲಾರಿಗಳ ಸದ್ದು ನಿತ್ಯದ್ದು. ಅದು ಹೆಚ್ಚಾಗಿ ಕೆಳದನಿಯ ಗುಡುಗು. ಅದಕ್ಕೆ ಎದುರಾಗಿ ಬೇಸ್ ಏರಿಸಿದರೆ ಫಲವಿಲ್ಲ. ಬೇಸ್ ಇಳಿಸಿ, ಟ್ರೆಬಲ್ ಒಂಚೂರು ಏರಿಸಿದರೆ ಮಾತು ಗದ್ದಲವನ್ನು ಸೀಳಿ ಬರುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯನ್ನು 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿವೆ, ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಓದುವ ಮಕ್ಕಳಿರುವ ನೆರೆಮನೆಗೆ ಈ ಮಿತಿ ದೊಡ್ಡ ಉಪಕಾರ.

ಕಂಪ್ಯೂಟರಿನ ಮುಂಭಾಗದ ಜ್ಯಾಕಿಗಿಂತ ಹಿಂಭಾಗದ ಹಸಿರು ಜ್ಯಾಕಿಗೆ ಸ್ಪೀಕರ್ ಸಿಕ್ಕಿಸಿ. ಒಳಗಿನ ಉದ್ದ ತಂತಿಯಲ್ಲಿ ಸೇರುವ ಗಲಾಟೆ ತಪ್ಪುತ್ತದೆ. ಮೌಸ್ ಆಡಿಸಿದಾಗ ಸ್ಪೀಕರಿನಲ್ಲಿ ಕಿರಕಿರ ಕೇಳಿದರೆ ಯುಎಸ್‌ಬಿ ಕರೆಂಟನ್ನು ಕಂಪ್ಯೂಟರಿನಿಂದ ಕೊಡದೆ ಮೊಬೈಲ್ ಚಾರ್ಜರಿನಿಂದ ಕೊಟ್ಟು ನೋಡಿ. ಗುಂಯ್ ಸದ್ದು ಹೋಗಲೆಂದು ಕಂಪ್ಯೂಟರ್ ಪ್ಲಗ್ಗಿನ ಅರ್ಥಿಂಗ್ ಪಿನ್ ಕಿತ್ತುಹಾಕುವವರಿದ್ದಾರೆ. ಎಂದೂ ಹಾಗೆ ಮಾಡಬೇಡಿ, ಅದು ಜೀವ ಕಾಯುವ ತಂತಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ತೆಗೆದಿಡಿ. ಖರ್ಚಿನ ಚಿಂತೆ ಬೇಡ: 10 ವಾಟಿನ ಸ್ಪೀಕರ್ ದಿನಕ್ಕೆ ನಾಲ್ಕು ಗಂಟೆ ನಡೆದರೂ ತಿಂಗಳಿಗೆ 1.2 ಯುನಿಟ್ ಅಷ್ಟೇ.

ಬಿಲ್ಲು, ವಾರಂಟಿ, ರಿಪೇರಿ

ಬಿಲ್ಲಿನಲ್ಲಿ ಮಾದರಿಯ ಹೆಸರು ಪೂರ್ತಿ ಬರೆಸಿಕೊಳ್ಳಿ. ಬೇರೆ ಅಡಾಪ್ಟರ್ ಇದ್ದರೆ ಅದರ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಸರ್ವೀಸ್ ಸೆಂಟರ್ ಮೈಸೂರಿನಲ್ಲಿದೆಯೋ ಬೆಂಗಳೂರಿನಲ್ಲೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ. ಎಂಟುನೂರರ ಸ್ಪೀಕರಿಗೆ ಬೆಂಗಳೂರಿನ ಬಸ್ ಚಾರ್ಜು ಕೊಟ್ಟರೆ ವಾರಂಟಿಗೆ ಅರ್ಥವಿಲ್ಲ. ಅಂಗಡಿಯವರು ಬದಲಿಸಿಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಳೆಯ ಸ್ಪೀಕರ್ ಕೆಟ್ಟಿದೆಯೆಂದು ಎಸೆಯುವ ಮುನ್ನ ಊರಿನ ರೇಡಿಯೊ, ಟಿವಿ ರಿಪೇರಿಯವರಿಗೆ ತೋರಿಸಿ. ಬಹಳ ಸಲ ಹೋಗಿರುವುದು ಜ್ಯಾಕಿನ ಬುಡದ ತಂತಿ, ಇಲ್ಲವೇ ತಿರುಗಣೆ, ಇಲ್ಲವೇ ಅಡಾಪ್ಟರ್. ಮೂರೂ ಸುಲಭದ ಕೆಲಸ. ಕೋನಿನ ಅಂಚಿನ ಸ್ಪಂಜು ಪುಡಿಯಾಗಿದ್ದರೂ ಅದೇ ಅಳತೆಯ ಕೋನು ತರಿಸಿ ಕೂರಿಸಬಹುದು. ಹತ್ತು ಹದಿನೈದು ವರ್ಷದ ಹಿಂದಿನ ಮರದ ಪೆಟ್ಟಿಗೆಯ ಜೋಡಿ ಮನೆಯ ಅಟ್ಟದ ಮೇಲಿದ್ದರೆ ಹೊಸದು ಕೊಳ್ಳುವ ಮೊದಲು ಅದನ್ನು ಇಳಿಸಿ ಒಮ್ಮೆ ಹಾಡಿಸಿ ನೋಡಬೇಕು.