ಒಂದೇ ಕೋಡು, ಹಲವು ಪ್ರತಿ

ಜಾವಾಸ್ಕ್ರಿಪ್ಟ್ ಕಲಿಯುವ ವಿದ್ಯಾರ್ಥಿಗಳು ಬೇಗನೆ ಬೆಚ್ಚಿಬೀಳುವುದು ‘ನೋಡ್ ಮಾಡ್ಯೂಲ್ಸ್’ ಎಂಬ ಫೋಲ್ಡರನ್ನು ತೆರೆದಾಗ. ತಾವು ಬರೆದದ್ದು ನೂರು ಸಾಲು, ಅಲ್ಲಿ ಬಂದು ಕೂತಿರುವುದು ಸಾವಿರಾರು ಫೈಲು! ಇದನ್ನು ಪ್ರೋಗ್ರಾಮರ್‌ಗಳ ಸೋಮಾರಿತನ ಎನ್ನುವವರುಂಟು. ನಾನು ಹಾಗೆ ಹೇಳಲಾರೆ. ಇದಕ್ಕೊಂದು ಚರಿತ್ರೆಯಿದೆ.

2009ರಲ್ಲಿ ರಯಾನ್ ಡಾಲ್ ‘ನೋಡ್’ ರೂಪಿಸಿ, ಬಹುಮಟ್ಟಿಗೆ ಬ್ರೌಸರ್‌ನಲ್ಲೇ ಇದ್ದ ಜಾವಾಸ್ಕ್ರಿಪ್ಟನ್ನು ಸರ್ವರ್‌ಗೆ ಕರೆತಂದರು. ಮರುವರ್ಷ ಐಸಾಕ್ ಶ್ಲೂಟರ್ ಅವರ ‘ಎನ್‌ಪಿಎಂ’ ಬಂತು. ಬೇರೆಯವರು ಬರೆದ ಲೈಬ್ರರಿಗಳನ್ನು ತಂದುಕೊಡುವುದು ಅದರ ಕೆಲಸ. ಎದುರಿಗಿದ್ದ ತೊಡಕು ಹಳೆಯದೇ: ನಾನು ಬಳಸುವ ಎರಡು ಲೈಬ್ರರಿಗಳಿಗೂ ಮೂರನೆಯದೊಂದು ಬೇಕು, ಆದರೆ ಒಂದಕ್ಕೆ ಅದರ ಹಳೆಯ ಆವೃತ್ತಿ, ಇನ್ನೊಂದಕ್ಕೆ ಹೊಸದು. ಎನ್‌ಪಿಎಂ ಕಂಡುಕೊಂಡ ದಾರಿ ಸರಳವಾಗಿತ್ತು. ಜಗಳವೇ ಬೇಡ, ಯಾರ ಪ್ರತಿ ಅವರ ಬಳಿ ಇರಲಿ. ಸರ್ವರ್‌ನ ಡಿಸ್ಕಿನಲ್ಲಿ ಜಾಗಕ್ಕೇನೂ ಬರವಿರಲಿಲ್ಲ.

ಅದೇ ಲೈಬ್ರರಿಗಳನ್ನು ಒಂದೇ ಫೈಲಾಗಿ ಕಟ್ಟಿ ಬ್ರೌಸರ್‌ಗೆ ಕಳಿಸುವ ಬ್ರೌಸರಿಫೈ, ವೆಬ್‌ಪ್ಯಾಕ್‌ನಂಥ ಸಾಧನಗಳು ಬಂದಾಗ ಲೆಕ್ಕ ತಲೆಕೆಳಗಾಯಿತು. ಈಗ ಪ್ರತಿ ನಕಲನ್ನೂ ಓದುಗರ ಫೋನು ಇಳಿಸಿಕೊಳ್ಳಬೇಕು, ಬಿಡಿಸಿ ಓದಬೇಕು. ಅನುಕೂಲ ಬರೆದವರಿಗೆ, ಡೇಟಾ ಖರ್ಚು ಓದುವವರಿಗೆ.

2015 ನನಗೆ ಮುಖ್ಯವಾಗಿ ಕಾಣುವ ವರ್ಷ. ಎನ್‌ಪಿಎಂನ ಮೂರನೆಯ ಆವೃತ್ತಿ, ಹೊಂದಿಕೊಳ್ಳುವ ಆವೃತ್ತಿಗಳಿದ್ದಲ್ಲಿ ಒಂದೇ ಪ್ರತಿಯನ್ನು ಮೇಲಿಟ್ಟು ಎಲ್ಲರೂ ಹಂಚಿಕೊಳ್ಳುವಂತೆ ಮಾಡಿತು. ಹೊಂದದವು ಮಾತ್ರ ಒಳಗೊಳಗೇ ಉಳಿದವು. ಅದೇ ವರ್ಷ ರಿಚ್ ಹ್ಯಾರಿಸ್ ಅವರ ‘ರೋಲಪ್’ ಬಂತು. ಯಾವ ಫೈಲು ಯಾವುದರಿಂದ ಏನನ್ನು ಪಡೆಯುತ್ತದೆ ಎಂಬುದನ್ನು ಕೋಡು ಓಡುವ ಮೊದಲೇ ತಿಳಿಯಲು ಹೊಸ ‘ಇಂಪೋರ್ಟ್’ ಪದ್ಧತಿಯಲ್ಲಿ ಸಾಧ್ಯವಿತ್ತು. ಹಾಗಾಗಿ ಬಳಸದ ಭಾಗವನ್ನು ಬಿಟ್ಟುಬಿಡಬಹುದು. ಮರವನ್ನು ಅಲುಗಿಸಿ ಒಣ ಎಲೆ ಉದುರಿಸಿದಂತೆ. ಅದಕ್ಕೇ ‘ಟ್ರೀ ಶೇಕಿಂಗ್’ ಎಂಬ ಹೆಸರು. ಲಿಸ್ಪ್ ಭಾಷೆಯವರು ಈ ಮಾತನ್ನು ಮೊದಲೇ ಬಳಸುತ್ತಿದ್ದರು.

ನಕಲಿನ ತೊಂದರೆ ತೂಕದ್ದಷ್ಟೇ ಅಲ್ಲ. ಒಂದೇ ಪುಟದಲ್ಲಿ ‘ರಿಯಾಕ್ಟ್’ನ ಎರಡು ಪ್ರತಿಗಳಿದ್ದರೆ ಅದರ ‘ಹುಕ್ಸ್’ ಕೆಡುತ್ತವೆ: ಒಂದು ಪ್ರತಿ ಇಟ್ಟುಕೊಂಡ ಲೆಕ್ಕ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದಲೇ ಜವಾಬ್ದಾರಿಯುಳ್ಳ ಲೈಬ್ರರಿಗಳು ರಿಯಾಕ್ಟನ್ನು ‘ಪಿಯರ್ ಡಿಪೆಂಡೆನ್ಸಿ’ ಎಂದು ಘೋಷಿಸುತ್ತವೆ. ನಿಮ್ಮಲ್ಲಿರುವುದನ್ನೇ ಬಳಸುತ್ತೇನೆ, ನಾನು ಬೇರೆ ಹೊತ್ತು ತರುವುದಿಲ್ಲ ಎಂದು ಅದರ ಅರ್ಥ.

ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸಿದ್ದು 2020ರ ಒಂದು ಘಟನೆ. ದಿನಾಂಕಗಳ ಲೆಕ್ಕಕ್ಕೆ ಎಲ್ಲೆಡೆ ಬಳಕೆಯಲ್ಲಿದ್ದ ‘ಮೊಮೆಂಟ್’ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರೇ, ಹೊಸ ಕೆಲಸಗಳಿಗೆ ಬೇರೆಯದನ್ನು ಆರಿಸಿಕೊಳ್ಳಿ ಎಂದರು. ಅವರು ಕೊಟ್ಟ ಕಾರಣಗಳಲ್ಲಿ ಅದರ ಗಾತ್ರವೂ, ಬೇಡದ ಭಾಗವನ್ನು ಉದುರಿಸಲಾಗದ ಅದರ ಕಟ್ಟೋಣವೂ ಸೇರಿದ್ದವು. ಇನ್ನೂ ಜನಪ್ರಿಯವಾಗಿದ್ದಾಗಲೇ ಹಾಗೆ ಹೇಳಲು ಧೈರ್ಯ ಬೇಕು.

ಉಪಕರಣಗಳು ಇಷ್ಟೆಲ್ಲ ಸುಧಾರಿಸಿದರೂ ಒಂದು ಕೆಲಸ ಬರೆಯುವವರ ಪಾಲಿಗೇ ಉಳಿದಿದೆ. ‘ಎನ್‌ಪಿಎಂ ಎಲ್‌ಎಸ್’ ಎಂಬ ಆಜ್ಞೆ ಕೊಟ್ಟು, ಯಾವ ಲೈಬ್ರರಿ ಎಷ್ಟು ಕಡೆ ಬಂದು ಕೂತಿದೆ, ಯಾರ ಕೈಹಿಡಿದು ಬಂದಿದೆ ಎಂದು ನೋಡುವುದು. ಐದು ನಿಮಿಷದ ಈ ನೋಟಕ್ಕೆ ಕೂರದಿದ್ದರೆ, ನಿಧಾನದ ನೆಟ್‌ವರ್ಕಿನಲ್ಲಿ ಪುಟ ತೆರೆಯಲು ಕಾಯುತ್ತಿರುವವರು ಅದರ ಬೆಲೆ ತೆರುತ್ತಾರೆ.